‘ಹುಷಾರಿಲ್ಲ’ ಎಂದು ಕಳುಹಿಸುವ ಮುನ್ನ

ರಾತ್ರಿ ಹನ್ನೊಂದು ದಾಟಿತ್ತು. ದೇವನಹಳ್ಳಿಯ ಬಾಡಿಗೆ ಮನೆಯಲ್ಲಿ ನಾವು ನಾಲ್ವರು ಗಗನಸಖಿಯರು ಮರುದಿನದ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದೆವು. ಆ ತಿಂಗಳು ಮೂರನೆಯ ಸಲ ನಮ್ಮ ವಾರದ ರಜೆಯನ್ನು ರೋಸ್ಟರ್‌ನಿಂದ, ಅಂದರೆ ಕೆಲಸದ ಪಾಳಿಪಟ್ಟಿಯಿಂದ, ತೆಗೆದಿದ್ದರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ‘ನಾಳೆ ಎಲ್ಲರೂ ಸಿಕ್ ಲೀವ್ ಹಾಕೋಣ’ ಎಂದು ಬರೆದರು. ‘ನಾನೂ ಇದ್ದೇನೆ’ ಎಂದು ನಾನು ಟೈಪ್ ಮಾಡಿಯೂ ಆಗಿತ್ತು. ನಾವೆಲ್ಲ ಅಕ್ಕ ಎಂದು ಕರೆಯುವ ಹಿರಿಯ ಸಹೋದ್ಯೋಗಿ ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡರು. ‘ನಿನಗೆ ಜ್ವರ ಇದೆಯೇನಮ್ಮ? ಇಲ್ಲದಿದ್ದರೆ ಇದು ರಜೆಯಲ್ಲ, ಮುಷ್ಕರ. ಸಾಕ್ಷಿಯನ್ನು ನೀನೇ ಬರೆದುಕೊಡುತ್ತಿದ್ದೀಯೆ’ ಎಂದರು.

ಕೆಲವೇ ವಾರಗಳ ಹಿಂದೆ, 2024ರ ಮೇ ತಿಂಗಳಲ್ಲಿ, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಸಿಬ್ಬಂದಿ ಹೀಗೆಯೇ ಒಟ್ಟಾಗಿ ಅನಾರೋಗ್ಯದ ರಜೆ ಹಾಕಿದ್ದರು. ಕಂಪನಿ ಸುಮಾರು 25 ಮಂದಿಯನ್ನು ವಜಾ ಮಾಡಿತು. ಮೇ 9ರಂದು ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ರಾಜಿಯಾಗಿ ಅವರಿಗೆ ಕೆಲಸ ಮರಳಿ ಸಿಕ್ಕಿತು. ಆದರೆ ಅವರ ಬೆನ್ನಿಗೆ ನೋಂದಾಯಿತ ಸಂಘವಿತ್ತು. ನಮಗೆ ಇದ್ದದ್ದು ವಾಟ್ಸ್‌ಆ್ಯಪ್ ಗುಂಪು ಮಾತ್ರ.

ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ ವಿಮಾನ ಸಾರಿಗೆ ಸಾರ್ವಜನಿಕ ಉಪಯುಕ್ತ ಸೇವೆ. ನೋಟಿಸ್ ಕೊಟ್ಟು 14 ದಿನ ಕಾಯದೆ ಮುಷ್ಕರ ಹೂಡುವಂತಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆ ಇನ್ನೂ ಬಿಗಿ: ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಕೆಲಸಗಾರರು ಮಾತನಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಕಾನೂನುಬಾಹಿರ ಮುಷ್ಕರಕ್ಕೆ 1,000ದಿಂದ 10,000 ರೂಪಾಯಿ ದಂಡ, ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ.

ನನ್ನನ್ನು ಕೇಳಿದರೆ ಜೈಲಿಗಿಂತ ಹೆಚ್ಚು ಹೆದರಬೇಕಾದದ್ದು ಕರಾರಿನ ಕಾಗದಕ್ಕೆ. ನಮ್ಮಲ್ಲಿ ಬಹಳಷ್ಟು ಮಂದಿ ನಿಗದಿತ ಅವಧಿಯ ಕರಾರಿನ ಮೇಲೆ ಇದ್ದೇವೆ. ಅವಧಿ ಮುಗಿದಾಗ ನವೀಕರಿಸದೆ ಬಿಟ್ಟರೆ ಮುಷ್ಕರದ ಹೆಸರನ್ನೂ ಯಾರೂ ಎತ್ತಬೇಕಾಗಿಲ್ಲ. ಊರಿನಲ್ಲಿ ಮನೆ ಸಾಲ ಕಟ್ಟುತ್ತಿರುವ ಹುಡುಗಿಗೆ ಅಷ್ಟೇ ಸಾಕು.

ಅಕ್ಕ ನನ್ನ ಸಂದೇಶವನ್ನು ಅಳಿಸಿ, ದೂರು ಬರೆಯಲು ಇಸ್ತ್ರಿ ಮೇಜಿನ ಮೇಲೆಯೇ ಬಿಳಿ ಹಾಳೆ ಹರಡಿದರು. ವಿವಾದ ಕಾರ್ಮಿಕ ಇಲಾಖೆಯ ರಾಜಿ ಸಂಧಾನದ ಅಧಿಕಾರಿಯ ಮುಂದಿರುವಾಗ, ಅದೇ ವಿಷಯಕ್ಕೆ ಸಂಬಂಧಿಸಿದ ತಪ್ಪಿನ ನೆಪದಲ್ಲಿ, ಅವರ ಲಿಖಿತ ಅನುಮತಿಯಿಲ್ಲದೆ ಕಂಪನಿ ಯಾರನ್ನೂ ತೆಗೆಯುವಂತಿಲ್ಲ. ಈ ರಕ್ಷಣೆ ಹಳೆಯ ಕಾಯ್ದೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ರದ್ದಾದ ರಜೆಯ ತಾರೀಖುಗಳನ್ನೆಲ್ಲ ಹೆಸರಿನ ಸಮೇತ ಬರೆದೆವು. ಬೆಳಗಿನ ಐದರ ವಿಮಾನಕ್ಕೆ ಎಲ್ಲರೂ ಹಾಜರಾದೆವು. ಮಧ್ಯಾಹ್ನ ಸಮವಸ್ತ್ರದಲ್ಲಿಯೇ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಿ ದೂರು ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆವು.