ಮೂರು ದಾಳಗಳ ಗುಟ್ಟು

ಇವತ್ತು ಮಗಳು ಮೂರು ದಾಳಗಳನ್ನು ಒಂದರ ಮೇಲೊಂದು ಪೇರಿಸಿದಳು. "ಮುಚ್ಚಿಹೋಗಿರೋ ಐದು ಮುಖಗಳ ಚುಕ್ಕಿ ಕೂಡಿದ್ರೆ ಎಷ್ಟು ಅಂತ ನೋಡದೇ ಹೇಳ್ತೀನಿ" ಅಂದಳು.

ಮೇಲೆ ಕಾಣುತ್ತಿದ್ದದ್ದು 4. ತಟ್ಟನೆ "17" ಅಂದಳು. ಒಂದೊಂದೇ ಎತ್ತಿ ಎಣಿಸಿದೆವು. ಸರಿಯಾಗಿ 17!

ಗುಟ್ಟು ಇಷ್ಟೇ. ಮಾಮೂಲಿ ದಾಳದಲ್ಲಿ ಎದುರುಬದುರು ಮುಖಗಳನ್ನು ಕೂಡಿದರೆ 7. 1ರ ಹಿಂದೆ 6, 2ರ ಹಿಂದೆ 5, 3ರ ಹಿಂದೆ 4. ಹಾಗಾಗಿ ಮೂರು ದಾಳಕ್ಕೆ 21. ಅದರಲ್ಲಿ ಮೇಲೆ ಕಾಣೋದನ್ನು ಕಳೆದರೆ ಆಯ್ತು.

ಇದನ್ನೇ ಪುಸ್ತಕದಲ್ಲಿ ಕಳೆಯುವ ಲೆಕ್ಕ ಅಂತ ಕೊಟ್ಟಿದ್ದರೆ ಆಕಳಿಸುತ್ತಿದ್ದಳು! ಇಲ್ಲಿ ನಮ್ಮನ್ನು ಬೆರಗಾಗಿಸೋ ಖುಷಿಯೇ ಜಾಸ್ತಿ, ಅಲ್ವಾ?

"ನಾಲ್ಕು ದಾಳ ಇಟ್ಟರೆ?" ಅಂತ ಸುಮ್ನೆ ಕೇಳಿದೆ. ಈಗ ಮನೆಯೆಲ್ಲಾ ಇನ್ನೊಂದು ದಾಳ ಹುಡುಕುತ್ತಿದ್ದಾಳೆ.