ತರಂಗಂಬಾಡಿಯಲ್ಲಿ ಚಿತ್ರ ಬರೆಯುತ್ತಾ

ಚಿತ್ರ ಬರೆಯುವ ಗೆಳೆಯರೆಲ್ಲ ಸೇರಿ ತಮಿಳುನಾಡಿನ ತರಂಗಂಬಾಡಿಗೆ ಹೋಗಿದ್ದೆವು. 1620ರಲ್ಲಿ ಡೇನರು (ಡೆನ್ಮಾರ್ಕಿನವರು) ಕಟ್ಟಿಸಿದ ಡ್ಯಾನ್ಸ್‌ಬೋರ್ಗ್ ಕೋಟೆಯೇ ಎಲ್ಲರ ಮೊದಲ ಆಯ್ಕೆ. ಕಡಲ ತೀರದಲ್ಲಿ ಚಿತ್ರ ಬರೆಯುವುದರಲ್ಲಿ ಒಂದು ಸೊಗಸಿದೆ: ದಿಗಂತ ಸದಾ ನಮ್ಮ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ನಿಂತು ಬರೆದವರ ಹಾಳೆಯಲ್ಲಿ ಕಡಲು ಗೋಡೆಯ ಮೇಲಕ್ಕೆ ಏರಿತ್ತು. ಮರಳಿನಲ್ಲಿ ಕುಳಿತ ನನ್ನದರಲ್ಲಿ ತೆಳುವಾದ ಒಂದು ಗೆರೆಯಷ್ಟೇ. ಉಪ್ಪುಗಾಳಿಯ ತೇವಕ್ಕೆ ಜಲವರ್ಣ ಬೇಗ ಆರುವುದಿಲ್ಲ. ಆಕಾಶದ ನೀಲಿ ಗೋಡೆಯ ಅಂಚಿಗೆ ಹರಿದು ತಾನೇ ಒಂದು ನೆರಳಾಯಿತು. ಅದನ್ನು ಹಾಗೆಯೇ ಬಿಟ್ಟೆ, ಚೆನ್ನಾಗಿತ್ತು.

ಮನಸ್ಸು ಹಿಡಿದದ್ದು ಮಾತ್ರ ಮಾಸಿಲಾಮಣಿನಾಥರ್ ದೇವಾಲಯ. 14ನೇ ಶತಮಾನದ ಈ ಗುಡಿಯ ಒಂದು ಭಾಗವನ್ನು ಕಡಲು ಎಂದೋ ನುಂಗಿದೆ. ಕಲ್ಲಿನ ಅಂಚುಗಳನ್ನು ಒಂದೊಂದಾಗಿ ಪೆನ್ನಿನಲ್ಲಿ ಹಿಂಬಾಲಿಸುವಾಗ ಅನ್ನಿಸಿತು: ಊರೊಂದನ್ನು ನೋಡುವುದೆಂದರೆ ಅದು ಕಳೆದುಕೊಂಡದ್ದನ್ನೂ ನೋಡುವುದು. ಫೋಟೊ ತೆಗೆದು ಮುಂದೆ ನಡೆದಿದ್ದರೆ ಆ ಸವೆತ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ಸಂಜೆ ನಮ್ಮ ಚಿತ್ರಪುಸ್ತಕಗಳನ್ನೆಲ್ಲ ಸಾಲಾಗಿ ಹರಡಿ ನೋಡಿದೆವು. 1718ರ ನ್ಯೂ ಜೆರುಸಲೇಂ ಚರ್ಚ್ ಯಾರ ಪುಟದಲ್ಲೂ ಇರಲಿಲ್ಲ. ಅದಕ್ಕಾಗಿಯೇ ಮತ್ತೆ ಹೋಗುತ್ತೇವೆ.