ಪಲೆರ್ಮೊದ ಪ್ರೆಟೋರಿಯಾ ಕಾರಂಜಿ: ಮೊದಲು ಛಾವಣಿ ಹತ್ತಿ, ಆಮೇಲೆ ಚೌಕಕ್ಕೆ ಇಳಿಯಿರಿ

ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊಗೆ ಹೋಗುವವರು ಪ್ರೆಟೋರಿಯಾ ಚೌಕದ ಕಾರಂಜಿಗೆ ಕನಿಷ್ಠ ಎರಡು ಗಂಟೆಯನ್ನಾದರೂ ಮೀಸಲಿಡಬೇಕು. ಕೇಂದ್ರ ರೈಲು ನಿಲ್ದಾಣದ ಕಡೆಯಿಂದ ಮಾಕ್ವೆದಾ ಬೀದಿಯಲ್ಲಿ ಸುಮಾರು ಹದಿನೈದು ನಿಮಿಷ ನಡೆದರೆ, ಕ್ವಾತ್ರೊ ಕಾಂತಿ ವೃತ್ತಕ್ಕೆ ತುಸು ಮೊದಲು ಬಲಗಡೆಗೆ ಚೌಕ ಸಿಗುತ್ತದೆ. ನಾನು ಮೊದಲ ದಿನ ನಡುಮಧ್ಯಾಹ್ನ ಹೋಗಿ, ಬಿಳಿ ಅಮೃತಶಿಲೆಯಿಂದ ಚಿಮ್ಮುವ ಬಿಸಿಲಿಗೆ ಕಣ್ಣು ತೆರೆಯಲಾರದೆ ಹಿಂದಿರುಗಿದೆ. ಮರುದಿನ ಇಳಿಹೊತ್ತಿಗೆ ಬಂದಾಗಲೇ ಪ್ರತಿಮೆಗಳ ಮುಖಭಾವ ಕಾಣಿಸಿತು.

ಚೌಕದಲ್ಲಿ ನಿಂತವರಿಗೆ ಈ ಕಾರಂಜಿ ಜಾಗಕ್ಕೆ ಮೀರಿದ ಗಾತ್ರದ್ದೆನಿಸುತ್ತದೆ. ಅದಕ್ಕೆ ಕಾರಣ ಅದರ ಚರಿತ್ರೆಯಲ್ಲಿದೆ. ಶಿಲ್ಪಿ ಫ್ರಾಂಚೆಸ್ಕೊ ಕಮಿಲಿಯಾನಿ 1554ರಲ್ಲಿ ಇದರ ಕೆಲಸವನ್ನು ಕೈಗೆತ್ತಿಕೊಂಡದ್ದು ಫ್ಲಾರೆನ್ಸಿನಲ್ಲಿ, ಲುಯಿಜಿ ದಿ ತೊಲೆದೊ ಎಂಬ ಸ್ಪೇನ್ ಮೂಲದ ಶ್ರೀಮಂತನ ವಿಶಾಲವಾದ ತೋಟಕ್ಕಾಗಿ. ಆ ಶ್ರೀಮಂತ ಸಾಲದಲ್ಲಿ ಸಿಲುಕಿದಾಗ, 1573ರಲ್ಲಿ ಪಲೆರ್ಮೊದ ನಗರಾಡಳಿತ ಅದನ್ನು ಕೊಂಡುಕೊಂಡಿತು. ಮರುವರ್ಷ 644 ತುಂಡುಗಳಾಗಿ ಬಿಚ್ಚಿದ ಕಾರಂಜಿ ಹಡಗಿನಲ್ಲಿ ಬಂದಿಳಿಯಿತು. ಅದಕ್ಕೆ ಜಾಗ ಮಾಡಲು ಇಲ್ಲಿದ್ದ ಮನೆಗಳನ್ನು ಕೆಡವಲಾಯಿತು. ಕೆಲವು ಪ್ರತಿಮೆಗಳು ಬರಲೇ ಇಲ್ಲ, ಕೆಲವು ದಾರಿಯಲ್ಲಿ ಮುಕ್ಕಾದವು. ಶಿಲ್ಪಿಯ ಮಗ ಕಮಿಲ್ಲೊ ಬಂದು, ಕೊರತೆಯನ್ನು ತುಂಬಿ, 1581ರಲ್ಲಿ ಜೋಡಣೆಯನ್ನು ಮುಗಿಸಿದ. ತಂದೆ ತೋಟಕ್ಕೆಂದು ಕಡೆದದ್ದನ್ನು ಮಗ ಊರಿನ ನಡುವೆ ಹೊಂದಿಸಿದ ಆ ಶ್ರಮ ನನಗೆ ಪ್ರತಿಮೆಗಳಷ್ಟೇ ದೊಡ್ಡದೆನಿಸುತ್ತದೆ. ಒರಗಿ ಕುಳಿತ ನದೀದೇವತೆಗಳಿಗೂ ಇಲ್ಲಿ ಪಲೆರ್ಮೊದ ನೀರಿನ ಹೆಸರುಗಳೇ ಬಂದವು: ಒರೆತೊ, ಪಪಿರೆತೊ, ಗಬ್ರಿಯೆಲೆ, ಮಾರೆದೊಲ್ಚೆ.

ಊರವರು ಇದನ್ನು ‘ನಾಚಿಕೆಯ ಚೌಕ’ ಎನ್ನುತ್ತಾರೆ. ಬೆತ್ತಲೆ ಪ್ರತಿಮೆಗಳಿಂದ ಆ ಹೆಸರು ಬಂತೆಂದು ಕೆಲವರೂ, ಪಕ್ಕದ ಪುರಭವನದಲ್ಲಿ ಕುಳಿತು ಆಳಿದವರ ಭ್ರಷ್ಟತೆಯಿಂದ ಬಂತೆಂದು ಇನ್ನು ಕೆಲವರೂ ಹೇಳುತ್ತಾರೆ.

ನನ್ನ ಮುಖ್ಯ ಸಲಹೆಯೆಂದರೆ, ಮೊದಲು ಎದುರಿನ ಸಾಂತಾ ಕತೆರಿನಾ ಚರ್ಚಿನ ಛಾವಣಿಗೆ ಟಿಕೆಟ್ ಪಡೆದು ಹತ್ತಿರಿ. ಮೆಟ್ಟಿಲುಗಳು ಇಕ್ಕಟ್ಟಾಗಿರುವುದರಿಂದ ಮೊಣಕಾಲು ನೋವಿರುವ ಹಿರಿಯರಿಗೆ ಕಷ್ಟವಾಗಬಹುದು. ಆದರೆ ಒಂದರೊಳಗೊಂದು ಕೂಡಿದ ಕೊಳಗಳು, ಮೆಟ್ಟಿಲುಗಳು, ಪುಟ್ಟ ಸೇತುವೆಗಳು ಎಲ್ಲವೂ ಸೇರಿ ತೋಟವೊಂದರ ನಕ್ಷೆಯಂತೆ ಕಾಣುವುದು ಅಲ್ಲಿಂದ ಮಾತ್ರ. ಇಳಿದ ಮೇಲೆ ಆ ಚರ್ಚಿಗೆ ಸೇರಿದ ಸನ್ಯಾಸಿನಿಯರ ಮಠದ ಅಂಗಳದಲ್ಲಿ, ಅವರ ಹಳೆಯ ಪಾಕವಿಧಾನದಂತೆ ಮಾಡಿದ ಬಾದಾಮಿಯ ಸಿಹಿತಿಂಡಿ ಸಿಗುತ್ತದೆ. ಸಂಜೆ ತಂಪಾಗುವವರೆಗೆ ಅಲ್ಲಿಯೇ ಕುಳಿತಿದ್ದು, ಆಮೇಲೆ ಕಾರಂಜಿಯ ಬಳಿಗೆ ಹೋಗಿ.